ಚರಗದ ಪಾಲು

ಅವರ ಚಹಾ ಅವರ ಚೀಲದಲ್ಲೇ ಇರುತ್ತಿತ್ತು. ಹೆಗಲಿಗೆ ಜೋತುಬಿದ್ದ ಖಾದಿ ಚೀಲ, ಅದರೊಳಗೆ ಹಳೆಯ ಥರ್ಮಾಸು, ಒಂದು ಬಾಟಲಿ ನೀರು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ, ಬಟ್ಟೆಯಲ್ಲಿ ಸುತ್ತಿದ ಸಾಬೂನಿನ ತುಂಡು. ಇಷ್ಟೆಲ್ಲ ಹಿಡಿದ ಮೇಲೆ ಉಳಿದ ಜಾಗದಲ್ಲಿ ತೋಟಗಾರಿಕೆ ಇಲಾಖೆಯ ಕಾಗದಪತ್ರ. ಯಾವ ಊರಿಗೆ ಹೋಗಲಿ, ಯಾವ ರೈತರ ಅಂಗಳದಲ್ಲಿ ಕೂರಲಿ, ಚಹಾ ತಂದವರಿಗೆ ಕೈ ಮುಗಿದು "ಈಗಷ್ಟೇ ಆತ್ರಿ" ಎನ್ನುತ್ತಿದ್ದರು. ಆಗಿರುತ್ತಿರಲಿಲ್ಲ. ಅದು ತಂದವರಿಗೂ ಗೊತ್ತು, ಅವರಿಗೂ ಗೊತ್ತು. ಮಾಧ್ವರ ಮನೆತನ, ಹೊರಗಿನ ನೀರು ಸಹ ಮುಟ್ಟದ ಜೀವ. ನಮ್ಮ ಕಡೆ ಇದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ಸಾಹೇಬರ ಕೈಗೆ ಒಂದು ಬಾಳೆಹಣ್ಣು ಕೊಟ್ಟು ಅವರ ಚಹಾವನ್ನು ನನಗೆ ದಾಟಿಸುತ್ತಿದ್ದರು. ನಾನು ಲಿಂಗಾಯತ, ಯಾರು ಏನು ಕೊಟ್ಟರೂ ಒಲ್ಲೆ ಎಂದವನಲ್ಲ. ನನ್ನದರ ಜೊತೆಗೆ ಅವರ ಪಾಲಿನದನ್ನೂ ಕುಡಿದು ಕುಡಿದು ನನಗೆ ಬಂದ ಪಿತ್ತಕ್ಕೆ ಅವರೇ ಕಾರಣ ಎಂದು ನನ್ನ ಹೆಂಡತಿ ಇವತ್ತಿಗೂ ಬೈಯುತ್ತಾಳೆ.

ಹೋದ ಮಳೆಗಾಲದ ಕೊನೆಗೆ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದ್ದು ತಡವಾಗಿ. ನನಗೀಗ ಓಡಾಟವೆಂದರೆ ಬೇಸರ, ಆದರೂ ಅವರ ಮನೆಗೆ ಹೋಗಿಬಂದೆ, ಆಮೇಲೆ ಇನ್ನೊಂದು ಕಡೆಗೂ ಹೋಗಿಬಂದೆ. ಅದನ್ನು ಹೇಳುವ ಮೊದಲು ಅವರ ಬಗ್ಗೆ ಸ್ವಲ್ಪ ಹೇಳಬೇಕು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ಚಿತ್ತಾಪುರದ ತೋಟಗಾರಿಕೆ ಕಚೇರಿಗೆ ವರ್ಗವಾಗಿ ಬಂದೆ. ಮನೆ ಶಹಾಬಾದಿನಲ್ಲಿ. ವಾಡಿಯಲ್ಲಿ ರೈಲು ಬದಲಿಸಿ ಬರುವುದೇ ಅರ್ಧ ಕೆಲಸವಾಗುತ್ತಿತ್ತು. ಅವರು ನನ್ನ ಮೇಲಧಿಕಾರಿ, ಸೇಡಂ ಮತ್ತು ಚಿಂಚೋಳಿಯ ಹೆಚ್ಚುವರಿ ಹೊಣೆಯೂ ಅವರ ತಲೆಯ ಮೇಲೆಯೇ ಇತ್ತು. ಕಚೇರಿಗೆ ಒಂದು ಜೀಪಿತ್ತು, ನಿಂತ ಜಾಗದಲ್ಲೇ ನಿಂತಿರುತ್ತಿತ್ತು. ಹಾಗಾಗಿ ನಾವಿಬ್ಬರೂ ಬಸ್ಸು, ಟಂಟಂ, ಇಲ್ಲವೆಂದರೆ ನಡಿಗೆ. ಶಹಾಬಾದಿ ಪರ್ಸಿ, ಅದೇ ನೆಲಕ್ಕೆ ಹಾಸುವ ಕಲ್ಲು, ಹೊತ್ತ ಲಾರಿಗಳು ಎಬ್ಬಿಸಿದ ಧೂಳು ತಿನ್ನುತ್ತ, ಆ ಬಿಸಿಲಲ್ಲಿ, ಅವರ ಬೆನ್ನು ನೋಡಿಕೊಂಡು ನಾನು ಎಷ್ಟು ವರ್ಷ ನಡೆದೆನೋ! ತೆಳ್ಳಗಿನ ಬೆನ್ನು, ಬೆವರಿಗೆ ಅಂಟಿದ ಬಿಳಿ ಅಂಗಿ, ಎಂದೂ ಬಿಚ್ಚದ ಕೊಡೆ. ಕೊಡೆ ಯಾಕೆ ಬಿಚ್ಚುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. "ಬಿಚ್ಚಿದ್ರ ಗಾಳಿಗೆ ಹಿಂದ ಎಳೀತದ ರೀ. ಮೊದಲೇ ನಾ ಹಿಂದ ಇದ್ದೀನಿ" ಎಂದಿದ್ದರು.

ಯಾವುದೇ ಗಿಡ ಮುಟ್ಟುವ ಮೊದಲು ಕೈ ತೊಳೆಯುತ್ತಿದ್ದರು, ಮುಟ್ಟಿದ ಮೇಲೆ ಮತ್ತೆ ತೊಳೆಯುತ್ತಿದ್ದರು. ಬೋರಿನ ನೀರು ಬರುವವರೆಗೆ ಸಾಬೂನು ಹಿಡಿದು ಕಾಯುತ್ತ ನಿಂತಿರುತ್ತಿದ್ದರು. ಊರುಗಳಲ್ಲಿ ಅವರಿಗೆ 'ಕೈ ತೊಳಿಯೋ ಸಾಹೇಬ' ಎಂದೇ ಹೆಸರು. ಅದು ಅವರ ಕಿವಿಗೆ ಬಿದ್ದಾಗ ನಾನು ಮುಖ ತಿರುಗಿಸಿದೆ. ಅವರೇ ನಕ್ಕು, "ಕೈ ಚಾಚೋ ಸಾಹೇಬ ಅನ್ನೋದಕ್ಕಿಂತ ಛಲೋ ಅಲ್ಲೇನ್ರಿ?" ಎಂದರು.

ಅವರ ಇನ್ನೊಂದು ಮಾತು ನಮ್ಮ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಇತ್ತು. ಹೇಳಿದ್ದನ್ನು ರೈತರು ಮಾಡಲಿಲ್ಲವೆಂದರೆ, ಔಷಧಿ ಹೊಡೆದ ಮರುದಿನವೇ ಹಣ್ಣು ಕಿತ್ತರೆಂದರೆ, ನಾವು ತಲೆ ಚಚ್ಚಿಕೊಳ್ಳುತ್ತಿದ್ದೆವು. ಅವರು ಚೀಲ ಹೆಗಲಿಗೇರಿಸಿ, "ನಡೀರಿ, ಇನ್ನೊಮ್ಮೆ ಹೇಳೋಣ" ಎನ್ನುತ್ತಿದ್ದರು. ಆ ಮಾತಿನಲ್ಲಿ ಉತ್ಸಾಹವೇನೂ ಇರುತ್ತಿರಲಿಲ್ಲ. ದಣಿದ ಮನುಷ್ಯ ಇನ್ನೊಂದು ಮೆಟ್ಟಿಲು ಹತ್ತುವ ಮೊದಲು ಉಸಿರು ಬಿಟ್ಟ ಹಾಗಿರುತ್ತಿತ್ತು.

ದಂಡೋತಿಯ ಹತ್ತಿರ ಕಾಗಿಣಾ ಹೊಳೆಯ ದಂಡೆಗೆ ಕೆಲವರು ದಾಳಿಂಬೆ ಹಚ್ಚಿದ್ದರು. ಹಚ್ಚಿಸಿದವರು ಇವರೇ. ಹಣ್ಣು ಚೆನ್ನಾಗಿ ಬಂತು. ಹೊರದೇಶಕ್ಕೆ ಹಣ್ಣು ಕಳಿಸುವ ವ್ಯಾಪಾರಿಯೊಬ್ಬ ಬಂದು, ಒಂದನ್ನು ಒಡೆದು ತಿಂದು, ಹಣ್ಣೇನೋ ಸರಿ, ಆದರೆ ತೋಟಕ್ಕೆ ನೋಂದಣಿ ಬೇಕು, ಹಣ್ಣು ಆರಿಸಿ ಡಬ್ಬಿಗೆ ತುಂಬುವ ಮನೆಗೆ ಮಾನ್ಯತೆ ಬೇಕು ಎಂದ. ಆ ಮನೆಗೆ ಪ್ಯಾಕ್‌ಹೌಸ್ ಎಂದು ಹೆಸರು. ಅಲ್ಲಿಂದ ಶುರುವಾಯಿತು ನಮ್ಮ ಪಾಡು. ಯಾವ ಗಿಡಕ್ಕೆ ಯಾವ ದಿನ ಯಾವ ಔಷಧಿ ಹೊಡೆದಿರಿ ಎಂಬುದನ್ನು ಬರೆದಿಡಬೇಕು, ಔಷಧಿಗೆ ಬೇರೆ ಕೋಣೆ, ಅದಕ್ಕೆ ಬೀಗ, ಕಿಟಕಿಗೆ ಜಾಳಿಗೆ, ಬಲ್ಬಿಗೂ ಒಂದು ಮುಸುಕು, ಕೆಲಸದವರಿಗೆ ಪಾಯಖಾನೆ, ಕೈ ತೊಳೆಯುವ ಜಾಗ. ತೋಟದಲ್ಲಿ ಉಣ್ಣುವಂತಿಲ್ಲ, ದನ ಕಟ್ಟುವಂತಿಲ್ಲ, ನಾಯಿ ಸುಳಿಯುವಂತಿಲ್ಲ. ಇವರಿಗಿಂತ ಮಡಿವಂತರು ಹೊರದೇಶದಲ್ಲೂ ಇದ್ದಾರೆ ಎಂದು ನನಗೆ ಆವತ್ತೇ ಗೊತ್ತಾದದ್ದು.

ರೈತರಲ್ಲಿ ಹಿರಿಯರಾದ ಗೌಡರು ಮುಂದೆ ನಿಂತು, ಎಲ್ಲರನ್ನೂ ಕೂಡಿಸಿ, ರಸ್ತೆಯ ಪಕ್ಕದಲ್ಲಿ ಪ್ಯಾಕ್‌ಹೌಸ್ ಕಟ್ಟಿಸಿದರು. ನೆಲಕ್ಕೆ ಶಹಾಬಾದಿ ಪರ್ಸಿ, ನುಣ್ಣಗೆ ಪಾಲಿಶ್ ಮಾಡಿದ್ದು. ಕಟ್ಟುವಾಗ ಗೌಡರು ಕೇಳಿದ್ದು ಒಂದೇ ಮಾತು. "ಸಾಹೇಬ್ರ, ಹಣ್ಣ ಹೋಗ್ತದಲ್ರಿ?" ಇವರು "ನಾ ಹೇಳಿದ್ದು ಮಾಡ್ರಿ, ಹೋಗ್ತದ" ಎಂದುಬಿಟ್ಟರು. ನಮ್ಮ ಇಲಾಖೆಯಲ್ಲಿ ಯಾರೂ ಹಾಗೆ ಮಾತು ಕೊಡುವುದಿಲ್ಲ. ಪ್ರಯತ್ನ ಮಾಡೋಣ, ಮೇಲಕ್ಕೆ ಬರೆಯೋಣ ಎನ್ನುವುದು ನಮ್ಮ ರೂಢಿ. ಮಾನ್ಯತೆ ಸಿಗದಿದ್ದರೆ ಆ ಕಟ್ಟಡ ಬರೀ ಗೋದಾಮು, ಆ ಮಂದಿಯ ಮುಂದೆ ಇವರ ಮಾತು ಬರೀ ಗಾಳಿ. ಇದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ನಿಯಮಗಳನ್ನು ಓದಿ ಹೇಳಿದರೆ ಯಾರ ತಲೆಗೂ ಹತ್ತುತ್ತಿರಲಿಲ್ಲ. ಕೊನೆಗೆ ಅವರು ತಮ್ಮದೇ ಒಂದು ಉಪಾಯ ಹೂಡಿದರು. ಪ್ಯಾಕ್‌ಹೌಸಿನ ನಡುವೆ ನಿಂತು, "ನೋಡ್ರಿ, ಇದು ಮಡಿ ಅಡಗಿಮನಿ ಅಂತ ತಿಳೀರಿ. ಒಳಗ ಬರೋರು ಕೈಕಾಲು ತೊಳಕೊಂಡು ಬರಬೇಕು, ಕೂದಲು ಕಟ್ಟಬೇಕು, ಹೊರಗಿನ ಚಪ್ಪಲಿ ಹೊರಗ. ಅಷ್ಟೇ" ಎಂದರು. ಗೌಡರ ಮುಖ ಅರಳಿತು. "ಹಂಗಂತ ಮೊದಲೇ ಹೇಳ್ಬಾರ್ದೇನ್ರಿ!" ಎಂದರು. ಎಲ್ಲರಿಗೂ ಒಂದೇ ಏಟಿಗೆ ಅರ್ಥವಾಗಿತ್ತು.

ಹಣ್ಣು ಆರಿಸಲು ಬಂದ ಹೆಂಗಸರಲ್ಲಿ ನಾಗಮ್ಮ ಎಂಬಾಕೆ ಇದ್ದಳು. ಊರ ಹೊರಗಿನ ಓಣಿಯವಳು, ಉಳಿದ ಹೆಂಗಸರಿಗೆ ಮುಂದಾಳು. ಆಕೆ ಸೆರಗು ಸರಿಮಾಡಿಕೊಂಡು, "ಒಂದ್ ಮಾತ ಕೇಳ್ಲೇನ್ರಿ ಸಾಹೇಬ್ರ? ನಾವು ಇಷ್ಟೆಲ್ಲಾ ಮಡಿ ಆಗಿ ಆರಿಸಿ ಇಟ್ಟಿದ್ದು ನೀವು ತಿಂತೀರೇನ್ರಿ?" ಎಂದಳು. ಗೌಡರು ಕೆಮ್ಮಿದರು. ಇವರು, "ಹಣ್ಣಿಗೆ ದೋಷ ಇಲ್ಲವ್ವ. ಯಾರು ಕೊಟ್ರೂ ತಿಂತೀನಿ" ಎಂದರು. ಅದು ನಿಜ. ಅವರ ಲೆಕ್ಕದಲ್ಲಿ ಹಣ್ಣಿಗೆ ಮೈಲಿಗೆಯಿಲ್ಲ, ಬೇಯಿಸಿದ್ದಕ್ಕೆ ಮಾತ್ರ. ಅದು ನಾಗಮ್ಮನಿಗೂ ಗೊತ್ತಿತ್ತು. "ಹಣ್ಣಿಗಿ ಇಲ್ಲ ಖರೇರಿ" ಎಂದು ಹೇಳಿ ತನ್ನ ಕೆಲಸಕ್ಕೆ ಹೋದಳು.

ಬಳೆಯದು ಇನ್ನೊಂದು ರಾದ್ಧಾಂತ. ಗಾಜಿನ ಬಳೆ ತೊಟ್ಟ ಕೈ ಹಣ್ಣಿನ ಡಬ್ಬಿಯ ಹತ್ತಿರ ಹೋಗಬಾರದು, ಚೂರು ಬಿದ್ದರೆ ಗತಿಯೇನು ಎನ್ನುವುದು ನಿಯಮ. ಗಂಡ ಬದುಕಿರುವಾಗ ಬಳೆ ತೆಗೆಯುವುದುಂಟೇ? ನಾನು ಹೇಳಿ ಬೈಸಿಕೊಂಡೆ. ಇವರು ನನ್ನನ್ನು ಬದಿಗೆ ಕರೆದು, "ಬಳಿ ತೆಗೀರಿ ಅನ್ಲಿಕ್ಕೆ ನನಗ ನಾಲಿಗಿ ಏಳೋದಿಲ್ರಿ" ಎಂದವರೇ, ಚಿತ್ತಾಪುರದ ದರ್ಜಿಯೊಬ್ಬನ ಮುಂದೆ ಕೂತು ಮೊಣಕೈವರೆಗೆ ಬರುವ ಬಟ್ಟೆಯ ತೋಳು ಹೊಲಿಸಿದರು, ಎರಡೂ ತುದಿಗೆ ಇಲಾಸ್ಟಿಕ್. ಬಳೆ ಒಳಗೇ ಉಳಿದವು, ಸದ್ದು ಮಾತ್ರ ನಿಂತಿತು. ಹೆಂಗಸರು ಅದನ್ನು ತೊಟ್ಟು ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದೇ ನಕ್ಕಿದ್ದು.

ಮೊದಲ ತಪಾಸಣೆಯ ದಿನ ನಾವಿಬ್ಬರೂ ವಾಡಿ ಸ್ಟೇಷನ್ನಿಗೆ ಹೋಗಿ ತಪಾಸಣೆಯ ಅಧಿಕಾರಿಯನ್ನು ಕರೆದುಕೊಂಡು ಬಂದೆವು. ದೂರದ ಊರಿನವರು, ಹಿಂದಿ ಮಾತಾಡುವವರು, ಸಭ್ಯ ಮನುಷ್ಯ. ಪ್ಯಾಕ್‌ಹೌಸಿನ ಮುಂದೆ ಇಳಿದರೆ ಬಾಗಿಲಿಗೆ ಮಾವಿನ ತೋರಣ, ಹೊಸ್ತಿಲಿಗೆ ಅರಿಶಿನ ಕುಂಕುಮ, ಒಡೆದ ತೆಂಗಿನಕಾಯಿ. ಅಷ್ಟರಲ್ಲಿ ಆ ಬಾಗಿಲಿನಿಂದ ಒಂದು ಆಕಳು ಹೊರಗೆ ಬಂತು, ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವು. ಅದರ ಹಿಂದೆ ಕರು, ಕರುವಿನ ಹಿಂದೆ ಕೈಮುಗಿದುಕೊಂಡು ಗೌಡರು. ಒಳಗೆ ಆ ನುಣುಪು ಪರ್ಸಿಯ ಮೇಲೆ ಆಕಳು ತನ್ನ ಆಶೀರ್ವಾದವನ್ನೂ ಬಿಟ್ಟು ಬಂದಿತ್ತು, ಮೂಲೆ ಮೂಲೆಗೂ ಗೋಮೂತ್ರ ಬೇರೆ ಚಿಮುಕಿಸಿದ್ದರು.

"ದನ ಒಳಗೆ ಹೋಗಿತ್ತೇ?" ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದರು. ಗೌಡರು ಎದೆಯುಬ್ಬಿಸಿ, "ಹೌದ್ರಿ! ಖಾಸ್ ನಿಮಗಂತ ತಂದೀವ್ರಿ. ಮಡಿ ಇರಬೇಕಂತ ನಮ್ಮ ಸಾಹೇಬ್ರು ಹೇಳ್ಯಾರ" ಎಂದರು. ಅದನ್ನು ಹಿಂದಿಗೆ ತಿರುಗಿಸಿ ಹೇಳುವ ಪಾಪ ನನ್ನ ಪಾಲಿಗೆ ಬಂತು. ಅಧಿಕಾರಿ ಒಳಗೆ ಕಾಲಿಡಲೂ ಇಲ್ಲ. ಮುಂದಿನ ವರ್ಷ ನೋಡೋಣ ಎಂದು ನಾವು ತಂದಿದ್ದ ಬಾಡಿಗೆ ಜೀಪನ್ನೇ ಮತ್ತೆ ಹತ್ತಿದರು.

ಅಧಿಕಾರಿಯನ್ನು ಕಳಿಸಿ ಬಂದ ಮೇಲೆ ಇವರು ಪ್ಯಾಕ್‌ಹೌಸಿನ ಮೆಟ್ಟಿಲ ಮೇಲೆ ಕೂತರು. ಥರ್ಮಾಸಿನಿಂದ ಚಹಾ ಬಗ್ಗಿಸಿಕೊಂಡು, ಕುಡಿಯುವುದನ್ನು ಮರೆತು, ಕೈಯಲ್ಲೇ ಹಿಡಿದುಕೊಂಡಿದ್ದರು. ಗೌಡರು ದೂರ ನಿಂತು ತಲೆಗೆ ಸುತ್ತಿದ ಪಟಗಾದ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ಬುದ್ಧಿ ಎಲ್ಲಿ ಇಟ್ಟಿದ್ದರಂತೆ ಈ ಗೌಡರು ಎಂದು ಒದರಿದೆ. "ತಪ್ಪು ಗೌಡ್ರದಲ್ರಿ" ಎಂದರು ಅವರು. "ಮಡಿ ಅಂದಾವ ನಾನು. ಮಡಿ ಅಂದ ಮ್ಯಾಲ ಆಕಳಾ ಬ್ಯಾಡ ಅಂದ್ರ ಯಾರು ಕೇಳ್ತಾರ?" ಆಮೇಲೆ ತಣ್ಣಗಾದ ಚಹಾವನ್ನು ನೆಲಕ್ಕೆ ಚೆಲ್ಲಿ ಎದ್ದರು. "ನಡೀರಿ, ಇನ್ನೊಮ್ಮೆ ಹೇಳೋಣ."

ಆ ವರ್ಷದ ಹಣ್ಣು ಎಂದಿನಂತೆ ಊರಿನ ದಲಾಲರ ಪಾಲಾಯಿತು. ಕೆಲವರು ಇವರನ್ನು ಕಂಡರೆ ಎದ್ದು ನಿಲ್ಲುವುದನ್ನು ಬಿಟ್ಟರು. ಇವರು ಹೋಗುವುದನ್ನು ಬಿಡಲಿಲ್ಲ. ಆದರೆ 'ಮಡಿ' ಎಂಬ ಮಾತನ್ನು ಮತ್ತೆಂದೂ ಆ ಊರಲ್ಲಿ ಆಡಲಿಲ್ಲ. ಆ ಒಂದು ಮಾತಿಲ್ಲದೆ ಅದನ್ನೆಲ್ಲ ಹೇಳಿಕೊಡುವುದು ಎಷ್ಟು ಕಷ್ಟವೆಂದು ಅವರ ಜೊತೆ ತಿರುಗಿದ ನನಗೆ ಗೊತ್ತು. ಇಲಿ ಯಾಕೆ ಬರುತ್ತದೆ, ನೊಣ ಎಲ್ಲಿ ಮೊಟ್ಟೆ ಇಡುತ್ತದೆ, ಔಷಧಿ ಹಣ್ಣಿನಲ್ಲಿ ಎಷ್ಟು ದಿನ ಉಳಿಯುತ್ತದೆ, ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು.

ಮುಂದಿನ ಸಲದ ತಪಾಸಣೆಗೆ ದಿನ ಗೊತ್ತಾಯಿತು. ಎಳ್ಳ ಅಮಾವಾಸ್ಯೆಯ ಮರುದಿನ! ಅವರು ಫೋನಿನಲ್ಲಿ ಎಷ್ಟು ಬೇಡಿಕೊಂಡರೂ ದಿನ ಮುಂದಕ್ಕೆ ಹೋಗಲಿಲ್ಲ, ಅದು ತಪ್ಪಿದರೆ ಆ ಸುಗ್ಗಿಗೆ ನೋಂದಣಿಯೇ ಇಲ್ಲ. ಬೇಸಗೆ ಕಳೆದರೆ ಅವರ ನಿವೃತ್ತಿ.

ನಮ್ಮ ಕಡೆ ಎಳ್ಳ ಅಮಾವಾಸ್ಯೆಯ ದಿನ ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲ ಹೊಲದಲ್ಲೇ. ಸಜ್ಜೆ ರೊಟ್ಟಿ, ಕಡುಬು, ಹತ್ತಾರು ಸೊಪ್ಪು ಕಾಳು ಹಾಕಿ ಕುದಿಸಿದ ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ. ಉಣ್ಣುವ ಮೊದಲು ಎಲ್ಲದರ ಒಂದು ಪಾಲು ತೆಗೆದು, ಕಲಸಿ, ಹೊಲದ ತುಂಬ ಚೆಲ್ಲುತ್ತ ನಡೆಯುತ್ತಾರೆ. ಅದೇ ಚರಗ. ಪೈರು ಹೊತ್ತ ಭೂಮಿ ಬಸುರಿ, ಬಸುರಿಗೆ ಬಯಕೆಯ ಊಟ. ದಾಳಿಂಬೆ ತೋಟವಾದರೇನು, ಅದೂ ಹೊಲವೇ. ಮರುದಿನ ಬರುವ ಅಧಿಕಾರಿಗೆ ಗಿಡಗಿಡದ ಬುಡದಲ್ಲೂ ಅನ್ನ, ಭಜ್ಜಿ ಕಾಣುವುದು ಖಂಡಿತವಿತ್ತು.

ತೋಟದವರೆಲ್ಲ ಒಂದೇ ಮಾತು ಹೇಳಿದರು, ಗೌಡರ ಅವ್ವ ಒಪ್ಪಿದರೆ ನಾವೂ ಒಪ್ಪುತ್ತೇವೆ. ಊರಿಗೆಲ್ಲ ಆಕೆ ಆಯಿ. ನಾವು ಹೋದಾಗ ಆಯಿ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಬರ್ರಿ ಸಾಹೇಬ್ರ, ಕುಂದ್ರಿ. ಚಹಾ ಕುಡಿಯಂಗಿಲ್ಲ, ಗೊತ್ತದ."

ಇವರು ಕೂತು, ಸುತ್ತುಬಳಸದೆ ಕೇಳಿದರು. "ಆಯಿ, ಈ ಸಲ ತೋಟದಾಗ ಚರಗ ಚೆಲ್ಲಬ್ಯಾಡ್ರಿ. ಅನ್ನ ಬಿದ್ರ ಇಲಿ ಬರ್ತಾವ, ಇರವಿ ಬರ್ತಾವ. ಮರುದಿನ ನೋಡ್ಲಿಕ್ಕೆ ಬರೋರು ಅದನ್ನ ಕಂಡ್ರ ಮತ್ತ ಹಣ್ಣು ಬ್ಯಾಡ ಅಂತಾರ."

ಆಯಿ ಕೈ ನಿಲ್ಲಿಸಲಿಲ್ಲ. "ನಿಮಗ ಹೆಣ್ಮಕ್ಕಳ ಅದಾರೇನ್ರಿ?"

"ಒಬ್ಬಾಕಿ ಅದಾಳ."

"ಬಸುರಿದ್ದಾಗ ತವರಿಗಿ ಬಂದಿದ್ಳಲ್ಲ. ನಾಳಿ ಡಾಕ್ಟರ್ ಬರ್ತಾನ, ಇವತ್ತ ಉಣಬ್ಯಾಡ ಅಂದಿದ್ರೇನ್ರಿ?"

ಅವರು ಕಟ್ಟೆಯ ಮೇಲೆ ಉರುಳಿದ್ದ ಒಂದು ಅವರೆಕಾಯಿ ಎತ್ತಿ ಆಯಿಯ ಮುಂದಿಟ್ಟರು. ಆಮೇಲೆ ಹೇಳಿದ ಮಾತು ನನಗಿನ್ನೂ ಕಿವಿಯಲ್ಲಿದೆ. "ಇಲ್ಲ ಆಯಿ, ಅಂದಿಲ್ಲ. ಬ್ಯಾರೆ ದಾರಿ ಇದ್ರ ನಾ ನಿಮ್ಮನ್ನ ಕೇಳ್ತಿದ್ದಿಲ್ಲ. ನನ್ನ ಮಾತು ನಂಬಿ ಈ ಮಂದಿ ಗಿಡ ಹಚ್ಯಾರ, ಕಟ್ಟಡ ಕಟ್ಯಾರ. ಈ ಸಲ ತಪ್ಪಿದ್ರ, ಇನ್ನೊಮ್ಮೆ ಹೇಳ್ಲಿಕ್ಕೆ ನಾ ಇರೋದಿಲ್ಲ."

ಆಯಿ ಸಿಪ್ಪೆಯನ್ನೆಲ್ಲ ಸೆರಗಿನಿಂದ ಝಾಡಿಸಿದಳು. "ಆಯ್ತು. ಚೆಲ್ಲಂಗಿಲ್ಲ. ಆದ್ರ ಭೂತಾಯಿ ಪಾಲಂತ ತಗದಿಟ್ಟಿದ್ದು ತಿರುಗಿ ಗಡಗಿಗಿ ಹಾಕ್ಲಾಕ ಬರಂಗಿಲ್ರಿ. ಯಾರದರ ಹೊಟ್ಟಿಗಿ ಹೋಗಬೇಕು. ಆಕಿಗಿ ಬ್ಯಾಡ ಅಂದವರು ನೀವು. ನೀವೇ ಉಣ್ರಿ."

ನನಗೆ ಅವರ ಮುಖ ನೋಡಲಾಗಲಿಲ್ಲ. "ಆಯಿ, ನಾ ಉಣ್ತೀನಿ" ಎಂದು ನಡುವೆ ಬಾಯಿ ಹಾಕಿದೆ. "ನೀ ಯಾವಾಗ ಒಲ್ಲೆ ಅಂದೀಪ?" ಎಂದು ಆಯಿ ನನ್ನನ್ನು ಅಲ್ಲಿಗೇ ಕೂರಿಸಿದಳು. ಅವರು ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಳ್ಳುತ್ತಿದ್ದರು, ತೊಳೆಯಬೇಕೋ ಬೇಡವೋ ಎಂದು ನೋಡುವಂತೆ. ಕೊನೆಗೆ ಕೇಳಿದ್ದು ಇಷ್ಟೇ. "ಎಲ್ಲಿ ಕೂಡ್ಲಿ ಆಯಿ?"

ತೋಟದ ತಂತಿಬೇಲಿಯ ಹೊರಗೆ, ರಸ್ತೆಯ ಕಡೆಗೆ, ಒಂದು ಬೇವಿನ ಗಿಡ. ಅದರ ಕೆಳಗೆ ಪ್ಯಾಕ್‌ಹೌಸಿಗೆ ಹಾಕಿ ಉಳಿದ ಒಂದು ಪರ್ಸಿಕಲ್ಲು ಬಿದ್ದಿತ್ತು. ಅಮಾವಾಸ್ಯೆಯ ಮಧ್ಯಾಹ್ನ ಅವರು ಅಲ್ಲಿ ಕೂತರು. ಆಯಿ ತಾನೇ ಎಲೆ ಹಾಕಿ ಬಡಿಸಿದಳು. ಭಜ್ಜಿಯಲ್ಲಿ ಉಳ್ಳಾಗಡ್ಡಿ ಬೆಳ್ಳುಳ್ಳಿ ಎರಡೂ ಇದ್ದವು, ನನಗೆ ನಿಂತಲ್ಲಿಗೇ ವಾಸನೆ ಬಂತು. ಐವತ್ತೇಳು ತುಂಬಿದ ಆ ಮನುಷ್ಯ ಹುಟ್ಟಿದಾಗಿನಿಂದ ಅದನ್ನು ಬಾಯಿಗಿಟ್ಟವರಲ್ಲ. ಮೊದಲ ತುತ್ತಿಗೆ ಕಣ್ಣು ಮುಚ್ಚಿದರು. ಎರಡನೆಯದಕ್ಕೆ ಮುಚ್ಚಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಚರಗ ಬಿಟ್ಟವರು ಆಯಿ ಒಬ್ಬಳೇ ಅಲ್ಲವಲ್ಲ. ಪಕ್ಕದ ತೋಟದವರು ಬುಟ್ಟಿ ಹಿಡಿದು ಬಂದರು, "ನಮ್ಮ ತೋಟದ ಪಾಲುರಿ ಸಾಹೇಬ್ರ." ಅವರ ಹಿಂದೆ ಹೊಳೆಯ ದಂಡೆಯವರು. ಆಮೇಲೆ ಇನ್ನೊಬ್ಬರು. ನಾನು ಸಾಕು ಸರ್, ಏಳಿ ಎಂದೆ. ಬೆವರು ಒರೆಸಿಕೊಳ್ಳುತ್ತ, "ಒಬ್ಬರದು ಉಂಡು ಒಬ್ಬರದು ಬಿಟ್ರ ಅವರ ಹೊಲದ ಪಾಲು ಎಲ್ಲಿ ಹೋಗ್ಬೇಕ್ರಿ?" ಎಂದು ಮತ್ತೆ ಕೈ ಹಾಕಿದರು. ಉಣ್ಣುವುದೂ ಒಂದು ಕೂಲಿಯ ಕೆಲಸವೆಂದು ನಾನು ಆವತ್ತು ಕಂಡೆ.

ಎಲ್ಲರೂ ಆದ ಮೇಲೆ ನಾಗಮ್ಮ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ಒಂದು ತಟ್ಟೆ. "ನಮ್ದು ತೋಟ ಅಲ್ರಿ, ತೊಗರಿ ಹೊಲ. ನಮ್ಮ ಚರಗ ನಾವು ಚೆಲ್ಲೀವಿ. ಇದು ಬರೇ ನಿಮಗಂತ ತಂದೀನಿ. ಉಂಡ್ರ ಉಣ್ರಿ, ಇಲ್ಲಂದ್ರ ಇಲ್ಲ. ಹಣ್ಣಲ್ರಿ ಇದು, ಅಡಗಿ."

ಗೌಡರು ಹೊಳೆಯ ಕಡೆ ನೋಡತೊಡಗಿದರು. ಇವರ ಹೊಟ್ಟೆ ಬಿರಿಯುವಂತಿತ್ತು, ಕೈಮುಗಿದು "ಈಗಷ್ಟೇ ಆತವ್ವ" ಎಂದಿದ್ದರೆ ಅವರ ಜೀವಮಾನದಲ್ಲಿ ಆ ಮಾತು ಮೊದಲ ಸಲ ನಿಜವಾಗುತ್ತಿತ್ತು. ಹಾಗೆನ್ನಲಿಲ್ಲ. ಎಲೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರು. "ಹಾಕವ್ವ" ಎಂದರು. ಕೊನೆಯ ಅಗುಳಿನವರೆಗೆ ಉಂಡರು. ಆಕೆಯೇ ಅವರ ಕೈಗೆ ನೀರು ಹೊಯ್ದಳು. ಸಾಬೂನು ಚೀಲದಿಂದ ಹೊರಗೆ ಬರಲಿಲ್ಲ.

ಮರುದಿನ ತಪಾಸಣೆಗೆ ಅವರು ಬರಲಾಗಲಿಲ್ಲ. ಹೊಟ್ಟೆ ಕೆಟ್ಟು ಹಾಸಿಗೆ ಹಿಡಿದಿದ್ದರು. ಎಲ್ಲವನ್ನೂ ನಾನೇ ತೋರಿಸಿದೆ. ಅಧಿಕಾರಿ ತೋಟದಲ್ಲಿ ಬಗ್ಗಿ ಬಗ್ಗಿ ನೋಡಿದರು, ಒಂದು ಅಗುಳು ಸಿಗಲಿಲ್ಲ. ಪ್ಯಾಕ್‌ಹೌಸಿನಲ್ಲಿ ನಾಗಮ್ಮ ಮತ್ತು ಉಳಿದ ಹೆಂಗಸರು ತೋಳುಬಟ್ಟೆ ತೊಟ್ಟು, ತಲೆ ಕಟ್ಟಿ, ಒಬ್ಬರೂ ಮಾತಾಡದೆ ಹಣ್ಣು ಆರಿಸುತ್ತಿದ್ದರು. ಸಂಜೆಗೆ ಮಾನ್ಯತೆ ಆಯಿತು ಎಂದರು. ಗೌಡರು ಅಳುವುದಕ್ಕೆ ಶುರುಮಾಡಿದರು. ಚಿತ್ತಾಪುರದ ಕ್ವಾರ್ಟರ್ಸಿಗೆ ಓಡಿಹೋಗಿ ಅವರಿಗೆ ಹೇಳಿದೆ. ಗೋಡೆಯ ಕಡೆಗಿದ್ದವರು ಅರ್ಧ ತಿರುಗಿದರು.

"ಆಕಳಾ?"

"ಬಂದಿಲ್ರಿ ಸರ್."

"ಛಲೋ ಆತು" ಎಂದು ಮತ್ತೆ ಗೋಡೆಗೆ ತಿರುಗಿದರು.

ಆ ಸಲ ಹಣ್ಣು ಹೋಯಿತು. ಅವರೂ ನಿವೃತ್ತರಾಗಿ ಸೇಡಂನ ಸ್ವಂತ ಮನೆಗೆ ಹೋದರು. ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಒಂದೆರಡು ಸುಗ್ಗಿಯ ಮೇಲೆ ಹಣ್ಣಿನ ಮೈಮೇಲೆ ಕರಿ ಚುಕ್ಕೆ ಬಿದ್ದು, ಚುಕ್ಕೆ ಸೀಳಾಗಿ, ರೋಗ ತೋಟದಿಂದ ತೋಟಕ್ಕೆ ದಾಟಿತು. ಮಾನ್ಯತೆಯನ್ನು ವರ್ಷ ವರ್ಷ ಹೊಸದು ಮಾಡಿಸಬೇಕು, ಮಾಡಿಸುವುದಕ್ಕೆ ಹಣ್ಣೇ ಇರಲಿಲ್ಲ. ಒಬ್ಬೊಬ್ಬರಾಗಿ ಗಿಡ ಕಿತ್ತು ತೊಗರಿ ಹಾಕಿದರು. ನನ್ನನ್ನು ಚಿಂಚೋಳಿಗೆ ಹಾಕಿದರು, ನಾನು ಅಲ್ಲೇ ನೆಲೆ ನಿಂತೆ. ಪ್ಯಾಕ್‌ಹೌಸಿನಲ್ಲಿ ಈಗ ತೊಗರಿಯ ಚೀಲಗಳಿವೆ, ಜಾಳಿಗೆ ಹರಿದಿದೆ. ಯಾರ ತಪ್ಪು ಎಂದು ಹುಡುಕುವ ಹುರುಪು ನನಗೆ ಉಳಿದಿಲ್ಲ. ಇಷ್ಟು ವರ್ಷ ನಾವು ಮಾಡಿದ್ದೆಲ್ಲ ಇದಕ್ಕೇನಾ ಎಂದು ಆ ದಾರಿಯ ಬಸ್ಸಿನಲ್ಲಿ ಕೂತಾಗಲೆಲ್ಲ ಅನಿಸಿ, ಕಿಟಕಿಯಿಂದ ಮುಖ ತಿರುಗಿಸಿದ್ದೇನೆ.

ಅವರು ತೀರಿದ ಮೇಲೆ ಸೇಡಂಗೆ ಹೋದೆ ಎಂದೆನಲ್ಲ. ಅವರ ಹೆಂಡತಿ ನನ್ನನ್ನು ಕೂರಿಸಿ, ಆ ಎಳ್ಳ ಅಮಾವಾಸ್ಯೆಯ ಮಾತು ತಾವೇ ತೆಗೆದರು. "ಅಮಾವಾಸ್ಯೆ ದಿನ, ತರ್ಪಣ ಕೊಟ್ಟು ಹೋದವರು, ಊರ ಮಂದಿ ಮನಿ ಊಟ ಉಂಡು ಬಂದ್ರು. ನನಗ ಭಾಳ ಸಂಕಟ ಆತ್ರಿ. ಆಚಾರ್ಯರನ್ನ ಕೇಳಿ, ಪಂಚಗವ್ಯ ತಗೋರಿ, ಶುದ್ಧ ಆಗ್ತದ ಅಂತ ಹೇಳ್ದೆ. ಆಕಳದ ಹಾಲು, ಮೊಸರು, ಗೋಮೂತ್ರ ಎಲ್ಲಾ ತರಿಸಿ ಇಟ್ಟಿದ್ದೆ. ಏನಂದ್ರು ಗೊತ್ತೇನ್ರಿ? ಒಮ್ಮೆ ಆಕಳಾ ತಂದು ಫೇಲಾಗೀವಿ, ಇನ್ನೊಮ್ಮೆ ಬ್ಯಾಡ ಅಂದ್ರು." ಹೇಳುತ್ತ ಹೇಳುತ್ತ ಅವರಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು.

ಹೊರಡುವಾಗ ಇನ್ನೊಂದು ಮಾತು ಹೇಳಿದರು. ನಿವೃತ್ತಿಯ ಮೇಲೂ ಪ್ರತಿ ಎಳ್ಳ ಅಮಾವಾಸ್ಯೆಗೆ ಅವರು ಬೆಳಿಗ್ಗೆಯೇ ಚೀಲ ಹಾಕಿಕೊಂಡು ದಂಡೋತಿಯ ಬಸ್ಸು ಹತ್ತುತ್ತಿದ್ದರಂತೆ. ದಾಳಿಂಬೆ ಹೋಗಿ ತೊಗರಿ ಬಂದ ಮೇಲೂ, ಯಾವ ತಪಾಸಣೆಯೂ ಇಲ್ಲದೆಯೂ. "ಚೀಲದಾಗ ಥರ್ಮಾಸು ಇರ್ತಿದ್ದಿಲ್ರಿ ಆ ದಿನ" ಎಂದರು. ಇದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಒಮ್ಮೆಯಾದರೂ ಜೊತೆಗೆ ಹೋಗುತ್ತಿದ್ದೆ ಎಂದು ಈಗ ಹಳಹಳಿಯಾಗುತ್ತದೆ.

ಹಾಗಾಗಿ ಈ ಸಲದ ಎಳ್ಳ ಅಮಾವಾಸ್ಯೆಗೆ ನಾನೇ ಹೋದೆ. ಕಾಳಗಿಗೆ ಬಂದು, ಅಲ್ಲಿಂದ ದಂಡೋತಿಯ ಬಸ್ಸು ಹಿಡಿದೆ. ಆಯಿ ತೀರಿ ಬಹಳ ದಿನವಾಗಿದೆ. ಗೌಡರು ಕಾಲು ನೋವಿನಿಂದ ಮನೆಯಲ್ಲೇ ಇದ್ದರು. ತಂತಿಬೇಲಿ ಇಲ್ಲ, ಬೇವಿನ ಗಿಡ ಇದೆ, ಪರ್ಸಿಕಲ್ಲೂ ಇದೆ. ಹೊಲದಲ್ಲಿ ತೊಗರಿ ಎದೆಮಟ್ಟ ನಿಂತಿತ್ತು, ಚರಗ ಚೆಲ್ಲಿಯಾಗಿತ್ತು. ಕಲ್ಲಿನ ಹತ್ತಿರ ನಾಗಮ್ಮ ನಿಂತಿದ್ದಳು, ಕೂದಲೆಲ್ಲ ಬೆಳ್ಳಗಾಗಿದೆ. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಕಣ್ಣು ಸೇಡಂ ಕಡೆಯ ರಸ್ತೆಯ ಮೇಲೆ.

"ನೀವು ಬಂದ್ರೇನ್ರಿ! ಕುಂದ್ರಿ, ಕುಂದ್ರಿ. ಸಾಹೇಬ್ರದು ಬಸ್ ಇನ್ನಾ ಬಂದಿಲ್ಲ. ಬರ್ತಾರ."

ಹೇಗೆ ಹೇಳಬೇಕೆಂದು ತಿಳಿಯದೆ, ಹೇಳಿದೆ. ಅವರು ಇಲ್ಲ, ನಾಗಮ್ಮ.

"ಯಾವಾಗ್ರಿ?"

"ಮಳಿಗಾಲದಾಗ."

ಆಕೆ ತಟ್ಟೆಯನ್ನು ನೋಡಿದಳು. ಅವರ ಪಾಲಿನ ಚಹಾ ಯಾವಾಗಲೂ ನನಗೆ ದಾಟುತ್ತಿತ್ತು. ಆ ರೂಢಿಯಲ್ಲೇ ನಾನು ಕಲ್ಲಿನ ಮೇಲೆ ಕೂತು, ಚೀಲ ಕೆಳಗಿಟ್ಟು, ಕೈ ಸಹ ಒಡ್ಡಿದ್ದೆ. ನಾಗಮ್ಮ ನನ್ನನ್ನು ದಾಟಿಕೊಂಡು ಹೋದಳು. ಬೇಲಿ ಇದ್ದ ಜಾಗವನ್ನು ದಾಟಿ, ತೊಗರಿಯ ಸಾಲಿನೊಳಗೆ ಇಳಿದು, ಬಟ್ಟೆ ಸರಿಸಿ, ಒಂದೊಂದೇ ಹಿಡಿ ತೆಗೆದು ಅತ್ತ ಇತ್ತ ಚೆಲ್ಲುತ್ತ ನಡೆದಳು. ತಟ್ಟೆ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.